ಹಾಳಾಗಿಲ್ರೀ, ಬ್ಯಾರೆ ಆಗೇತಿ: ಆಟಿಕೆ ಕೀಬೋರ್ಡುಗಳ ಒಂದು ಇತಿಹಾಸ



ಕೆಲವು ವರ್ಷಗಳ ಹಿಂದಿನ ಮಾತು. ಸಂಕ್ರಾಂತಿ ಮುಗಿದಿತ್ತು. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಹೋಗಿ ಬಂದ ಏಳನೆಯ ತರಗತಿಯ ಹುಡುಗನೊಬ್ಬ ಒಂದು ಆಟಿಕೆ ಕೀಬೋರ್ಡು ಶಾಲೆಗೆ ತಂದ. ನಮ್ಮ ಕಡೆ ಇದಕ್ಕೆ ಕೀಬೋರ್ಡು ಅನ್ನುವವರು ಕಡಿಮೆ. ಯಾವ ಕಂಪನಿಯದಾದರೂ ಸರಿ, 'ಕ್ಯಾಸಿಯೋ' ಅಂತಲೇ ಹೆಸರು. ಮೊದಲ ದಿನ ಅದು ಎಲ್ಲ ಆಟಿಕೆಗಳ ಹಾಗೆ ಟುಂಯ್ ಟುಂಯ್ ಅಂದಿತು. ನಾಲ್ಕು ದಿನ ಕಳೆದು ನೋಡಿದರೆ ಹಿಂದಿನ ಮುಚ್ಚಳ ಇಲ್ಲ, ಸ್ಕ್ರೂ ಇಲ್ಲ, ಒಂದು ವೈರಿನ ತುದಿಗೆ ಪಿನ್ನು ಸಿಕ್ಕಿಸಿದ್ದಾನೆ! ಮಣೆ ಒತ್ತಿದರೆ ಕಪ್ಪೆ ಕೂಗಿದಂತೆ, ಎಮ್ಮೆ ನರಳಿದಂತೆ ಸದ್ದು. ಇಡೀ ತರಗತಿ ಬಿದ್ದು ಬಿದ್ದು ನಗುತ್ತಿತ್ತು.

ನನಗೆ ಸಿಟ್ಟು ಬಂತು. "ಅಪ್ಪ ರೊಕ್ಕಾ ಕೊಟ್ಟು ತಂದಿದ್ದನ್ನ ಹಾಳು ಮಾಡಿ ಇಟ್ಟಿಯಲ್ಲೋ" ಅಂದೆ.

"ಹಾಳಾಗಿಲ್ರೀ ಗುರೂಜಿ, ಬ್ಯಾರೆ ಆಗೇತಿ" ಅಂದ.

ಎದುರು ಮಾತಾಡುತ್ತಾನೆ ಅನಿಸಿತು. ಕೀಬೋರ್ಡು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಪಾಠ ಮುಂದುವರಿಯಿತು.

ಅವನು ಅಂದ ಆ ಎರಡು ಮಾತಿಗೆ ದೊಡ್ಡದೊಂದು ಇತಿಹಾಸವಿದೆ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅದನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಮೇಜಿನ ಖಾನೆಯಲ್ಲಿ ಹುಟ್ಟಿದ ಸದ್ದು

ಅಮೆರಿಕದ ಒಹಾಯೊ ರಾಜ್ಯದಲ್ಲಿ ಸಿನ್ಸಿನಾಟಿ ಎಂಬ ನಗರವಿದೆ. 1966-67ರ ಸುಮಾರಿಗೆ ಅಲ್ಲಿ ರೀಡ್ ಘಜಾಲಾ ಎಂಬ ಹುಡುಗನಿದ್ದ. 1953ರಲ್ಲಿ ಹುಟ್ಟಿದವನು. ಅಂದರೆ ಆಗ ಅವನಿಗೆ ಹದಿಮೂರೋ ಹದಿನಾಲ್ಕೋ ವಯಸ್ಸು, ನಮ್ಮ ಎಂಟನೆಯ ತರಗತಿಯ ಮಕ್ಕಳ ಓರಗೆಯವನು. ಅವನ ಬಳಿ ಸೆಲ್ಲಿನಿಂದ ನಡೆಯುವ ಒಂದು ಪುಟ್ಟ ಆಂಪ್ಲಿಫೈಯರ್ ಇತ್ತು. ಅದರ ಹಿಂದಿನ ಮುಚ್ಚಳ ತೆಗೆದಿತ್ತು. ಸ್ವಿಚ್ ಆಫ್ ಮಾಡುವುದನ್ನು ಮರೆತು ಅದನ್ನು ಹಾಗೆಯೇ ಮೇಜಿನ ಖಾನೆಗೆ ಹಾಕಿ ಮುಚ್ಚಿದ್ದ.

ಒಳಗಿನಿಂದ ವಿಚಿತ್ರ ಸದ್ದು ಬರತೊಡಗಿತು! ಖಾನೆಯಲ್ಲಿದ್ದ ಯಾವುದೋ ಲೋಹದ ವಸ್ತು ತೆರೆದ ಸರ್ಕಿಟ್ಟಿಗೆ ತಾಗಿ ಶಾರ್ಟ್ ಆಗಿತ್ತು. ದನಿ ಏರುತ್ತಿತ್ತು, ಇಳಿಯುತ್ತಿತ್ತು, ಸುತ್ತಿ ಸುತ್ತಿ ಬರುತ್ತಿತ್ತು. ಆ ಕಾಲದ ದೊಡ್ಡ ದೊಡ್ಡ ಸಿಂಥಸೈಜರ್ ಯಂತ್ರಗಳಿಂದ ಹೊರಡುವಂಥ ಸದ್ದು ಅದು. ಅಮೆರಿಕದ ರಾಬರ್ಟ್ ಮೂಗ್ ತನ್ನ ಸಿಂಥಸೈಜರನ್ನು 1964ರಲ್ಲಿ ತಂದಿದ್ದ. ಅದರ ಬೆಲೆ ಸಾವಿರಾರು ಡಾಲರ್. ವಿಶ್ವವಿದ್ಯಾಲಯಗಳು, ಸ್ಟುಡಿಯೋಗಳು ಕೊಳ್ಳಬೇಕು, ಹುಡುಗರು ದೂರದಿಂದ ನೋಡಬೇಕು!

ಇಲ್ಲಿ ಆ ಹುಡುಗ ಎರಡು ಕೆಲಸ ಮಾಡಬಹುದಿತ್ತು. ಶಾರ್ಟ್ ಆಗಿದೆ ಎಂದು ಸೆಲ್ಲು ಕಿತ್ತು ಸುಮ್ಮನಾಗಬಹುದಿತ್ತು. ಅವನು ಇನ್ನೊಂದನ್ನು ಮಾಡಿದ. ಎಲ್ಲಿ ತಾಗಿದ್ದರಿಂದ ಈ ಸದ್ದು ಬಂತು, ಮತ್ತೆ ಬೇಕೆಂದಾಗ ಅದನ್ನು ಬರಿಸುವುದು ಹೇಗೆ ಎಂದು ಹುಡುಕಿದ. ತಾಗಿದ ಜಾಗಗಳಿಗೆ ವೈರು ಹಾಕಿ ಸ್ವಿಚ್ಚು ಕೂರಿಸಿದ. ಆಕಸ್ಮಿಕ ಒಂದು ವಾದ್ಯವಾಯಿತು. ಅವನಿಗೆ ಎಲೆಕ್ಟ್ರಾನಿಕ್ಸ್ ಶಾಸ್ತ್ರದ ಪಾಠ ಆಗಿರಲಿಲ್ಲ ಎಂಬುದನ್ನು ನೆನಪಿಡಿ. ಕಿವಿಯೊಂದೇ ಅವನ ಗುರು.

ಈ ಯೋಚನೆ ಅವನೊಬ್ಬನಿಗೇ ಬಂದದ್ದೇನಲ್ಲ. ಮುಂದೆ ತನ್ನ ಹೆಸರಿನ ಸಿಂಥಸೈಜರ್ ಮಾಡಿದ ಸರ್ಜ್ ಚೆರೆಪ್ನಿನ್ 1950ರ ದಶಕದಲ್ಲಿ, ಹುಡುಗನಾಗಿದ್ದಾಗಲೇ, ಟ್ರಾನ್ಸಿಸ್ಟರ್ ರೇಡಿಯೋದ ಒಳಗೆ ಬೆರಳಿಟ್ಟು ಇಂಥ ಪ್ರಯೋಗ ಮಾಡಿದ್ದ. 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಿಷೆಲ್ ವೈಸ್‌ವಿಸ್ ಎಂಬ ಕಲಾವಿದ 'ಕ್ರ್ಯಾಕಲ್ ಬಾಕ್ಸ್' ಎಂಬ ಸಣ್ಣ ಮರದ ಪೆಟ್ಟಿಗೆ ಹೊರತಂದ. ಅದರ ಮೇಲಿನ ಲೋಹದ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಿದರೆ ವಿದ್ಯುತ್ತು ನಮ್ಮ ಚರ್ಮದ ಮೂಲಕ ಹರಿದು ಸದ್ದಾಗುತ್ತದೆ. ನುಡಿಸುವವನೇ ಸರ್ಕಿಟ್ಟಿನ ಒಂದು ಭಾಗ! ಆದರೆ ಈ ವಿದ್ಯೆ ಬೀದಿ ಬೀದಿಗೆ ಇಳಿಯಬೇಕಾದರೆ ಒಳಗೆ ಚಿಪ್ಪು ಇರುವ, ಹಾಳಾದರೂ ಯಾರೂ ಅಳದ, ಅಗ್ಗದ ವಸ್ತುವೊಂದು ಮನೆ ಮನೆಗೆ ಬರಬೇಕಿತ್ತು. ಅದು ಬಂದದ್ದು ಜಪಾನಿನಿಂದ.

ಲೆಕ್ಕದ ಯಂತ್ರದವರು ಹಾಡಿದಾಗ

ಕಾಶಿಯೋ ಎಂಬುದು ಜಪಾನಿನ ಒಂದು ಮನೆತನದ ಹೆಸರು. ಕಾಶಿಯೋ ತಾದಾವೋ 1946ರಲ್ಲಿ ಟೋಕಿಯೋದಲ್ಲಿ ಒಂದು ಸಣ್ಣ ಕಾರ್ಖಾನೆ ತೆರೆದರು. ನಾಲ್ವರು ಸಹೋದರರು ಸೇರಿ 1957ರಲ್ಲಿ ವಿದ್ಯುತ್ತಿನಿಂದ ಲೆಕ್ಕ ಮಾಡುವ, ಮೇಜಿನಷ್ಟು ದೊಡ್ಡ ಯಂತ್ರವನ್ನು ಹೊರತಂದರು. ಕ್ಯಾಸಿಯೋ ಕಂಪನಿ ಆ ವರ್ಷವೇ ಹುಟ್ಟಿದ್ದು. ಮುಂದೆ ಮೇಜಿನಷ್ಟಿದ್ದ ಯಂತ್ರ ಅಂಗೈಗೆ ಬಂತು. ಲೆಕ್ಕ ಮಾಡುವ ಚಿಪ್ಪು ಅಗ್ಗವಾದ ಮೇಲೆ, ಇದೇ ಚಿಪ್ಪಿನಿಂದ ಸ್ವರ ಏಕೆ ಹೊರಡಿಸಬಾರದು ಎಂಬ ಯೋಚನೆ ಬಂತು. 1980ರಲ್ಲಿ 'ಕ್ಯಾಸಿಯೋಟೋನ್ 201' ಬಂದಿತು. ಅದರ ಹಿಂದೆಯೇ ಚಿಕ್ಕ ಮಣೆಗಳ, ಸೆಲ್ಲಿನ, ಮಕ್ಕಳ ಕೈಗೆ ಸಿಗುವಂಥ ಕೀಬೋರ್ಡುಗಳು ಸಾಲುಗಟ್ಟಿ ಬಂದವು. ಯಮಹಾದಂಥ ಕಂಪನಿಗಳೂ ಈ ಪೈಪೋಟಿಗೆ ಇಳಿದವು.

ಈ ಆಟಿಕೆಗಳನ್ನು ದೊಡ್ಡ ಸಂಗೀತಗಾರರು ಗೇಲಿ ಮಾಡುತ್ತಿದ್ದರು. ಒಂದು ಉದಾಹರಣೆ ಕೇಳಿ. 1981ರಲ್ಲಿ ಬಂದ 'ಎಂಟಿ-40' ಎಂಬ ಪುಟ್ಟ ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ತಾನೇ ಬಾರಿಸುವ ತಾಳಗಳಿದ್ದವು. ಅವನ್ನು ಮಾಡಿದವರು ಒಕುದಾ ಹಿರೋಕೋ ಎಂಬ ಹೊಸದಾಗಿ ಕೆಲಸಕ್ಕೆ ಸೇರಿದ ಯುವತಿ. ಜಮೈಕಾ ದೇಶದ ರೆಗೆ ಸಂಗೀತವನ್ನು ಆಸೆಪಟ್ಟು ಓದಿಕೊಂಡಿದ್ದವರು. ಅವರು 'ರಾಕ್' ಎಂದು ಹೆಸರಿಟ್ಟ ಒಂದು ತಾಳ ಜಮೈಕಾದ ಕಿಂಗ್‌ಸ್ಟನ್‌ಗೆ ಹೋಯಿತು. ಅಲ್ಲಿ ವೇಯ್ನ್ ಸ್ಮಿತ್ ಎಂಬ ಗಾಯಕನೂ ಕಿಂಗ್ ಜಾಮಿ ಎಂಬ ನಿರ್ಮಾಪಕನೂ ಸೇರಿ ಅದೇ ತಾಳದ ಮೇಲೆ 1985ರಲ್ಲಿ 'ಅಂಡರ್ ಮಿ ಸ್ಲೆಂಗ್ ಟೆಂಗ್' ಎಂಬ ಹಾಡು ಮಾಡಿದರು. ಆ ಹಾಡಿನಿಂದ ಜಮೈಕಾದ ಸಂಗೀತದ ದಿಕ್ಕೇ ಬದಲಾಯಿತು. ಅಲ್ಲಿ ಬಡ ಬಡಾವಣೆಯ ಜನ ಆಟಿಕೆಯನ್ನು ಬಿಚ್ಚಲಿಲ್ಲ, ಆದರೆ ಅದನ್ನು ಆಟಿಕೆ ಅಂತ ಒಪ್ಪಿಕೊಳ್ಳಲೂ ಇಲ್ಲ.

ಬಿಚ್ಚುವವರಿಗೆ ಹೆಚ್ಚು ಪ್ರಿಯವಾದದ್ದು 1980ರ ದಶಕದ ನಡುವೆ ಬಂದ 'ಎಸ್‌ಕೆ-1'. ಇದಕ್ಕೆ 32 ಸಣ್ಣ ಮಣೆ, ಜೊತೆಗೆ ಒಂದು ಮೈಕು. ಮೈಕಿನ ಮುಂದೆ ನಾಯಿ ಬೊಗಳಿದರೆ ಸಾಕು, ಆ ಬೊಗಳು ಮಣೆಗಳ ಮೇಲೆ ಸರಿಗಮವಾಗುತ್ತಿತ್ತು! ಅದು ಹಿಡಿದಿಡುತ್ತಿದ್ದದ್ದು ಒಂದೂವರೆ ಸೆಕೆಂಡಿಗೂ ಕಡಿಮೆ ಸದ್ದು. ಆದರೆ ಇದೇ ಕೆಲಸ ಮಾಡುವ ಆಸ್ಟ್ರೇಲಿಯಾದ 'ಫೇರ್‌ಲೈಟ್' ಯಂತ್ರಕ್ಕೆ ಆಗ ಹತ್ತಾರು ಸಾವಿರ ಡಾಲರ್ ಬೆಲೆ ಇತ್ತು ಎಂಬುದನ್ನು ನೆನೆದರೆ, ಆಟಿಕೆಯ ಅಂಗಡಿಯಲ್ಲಿ ಎಂಥ ಬಾಗಿಲು ತೆರೆಯಿತು ಎಂದು ಅರ್ಥವಾಗುತ್ತದೆ.

ಕಾಗುಣಿತ ಕೇಳುವ ಆಟಿಕೆ ಮತ್ತು ನಮ್ಮ ಬೆಂಗಳೂರು

ಕೀಬೋರ್ಡುಗಳ ಜೊತೆಗೆ ಇನ್ನೊಂದು ಆಟಿಕೆಯ ಹೆಸರು ಹೇಳಲೇಬೇಕು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1978ರಲ್ಲಿ ತಂದ 'ಸ್ಪೀಕ್ ಆಂಡ್ ಸ್ಪೆಲ್'. ಇದು ಒಂದು ಇಂಗ್ಲಿಷ್ ಪದವನ್ನು ಬಾಯಿಬಿಟ್ಟು ಹೇಳುತ್ತದೆ, ಮಗು ಅಕ್ಷರದ ಗುಂಡಿ ಒತ್ತಿ ಕಾಗುಣಿತ ಬರೆಯಬೇಕು. ಸರಿಯಾದರೆ ಸರಿ ಅನ್ನುತ್ತದೆ, ತಪ್ಪಾದರೆ ಇನ್ನೊಮ್ಮೆ ಅನ್ನುತ್ತದೆ. ಥೇಟ್ ನಮ್ಮಂಥ ಮಾಸ್ತರ! ಇದರೊಳಗೆ ಟೇಪು ಇಲ್ಲ, ಪ್ಲೇಟು ಇಲ್ಲ. ಒಂದೇ ಒಂದು ಚಿಪ್ಪು ಮನುಷ್ಯನ ಗಂಟಲಿನ ಹಾಗೆ ಲೆಕ್ಕ ಹಾಕಿ ಮಾತನ್ನು ಕಟ್ಟುತ್ತಿತ್ತು.

ಈ ಲೆಕ್ಕದ ವಿಧಾನಕ್ಕೆ 'ಲೀನಿಯರ್ ಪ್ರಿಡಿಕ್ಟಿವ್ ಕೋಡಿಂಗ್' ಎಂದು ಹೆಸರು. ಸರಳವಾಗಿ ಹೇಳಬೇಕೆಂದರೆ, ಈವರೆಗಿನ ದನಿಯನ್ನು ನೋಡಿ ಮುಂದಿನ ಕ್ಷಣದ ದನಿ ಹೇಗಿರಬಹುದೆಂದು ಊಹಿಸುವುದು. ಹೀಗೆ ಮಾಡಿದರೆ ತುಂಬ ಕಡಿಮೆ ಜಾಗದಲ್ಲಿ ಮಾತನ್ನು ತುಂಬಿಡಬಹುದು. 1960ರ ದಶಕದಲ್ಲಿ ಇದನ್ನು ರೂಪಿಸಿದವರಲ್ಲಿ ಜಪಾನಿನ ಇತಾಕುರಾ ಮತ್ತು ಸೈತೋ ಒಂದು ಕಡೆ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಬಿಷ್ಣು ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಇನ್ನೊಂದು ಕಡೆ. ಈ ಅಟಲ್ ಅವರು ಕಾನ್ಪುರದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಕೆಲಕಾಲ ಪಾಠ ಹೇಳಿ, ಆಮೇಲೆ ಅಮೆರಿಕಕ್ಕೆ ಹೋದವರು. ಎಲ್ಲಿಯ ಬೆಂಗಳೂರು, ಎಲ್ಲಿಯ ಆಟಿಕೆ!

ಘಜಾಲಾ ಈ ಮಾತಾಡುವ ಆಟಿಕೆಯನ್ನೂ ಬಿಚ್ಚಿದ. ಒಳಗೆ ಕೆಲವು ತಂತಿಗಳನ್ನು ಸೇರಿಸಿದ ಕೂಡಲೇ ಕಾಗುಣಿತದ ಮಾಸ್ತರ ಮೈಮೇಲೆ ಬಂದವರಂತೆ ಒದರತೊಡಗಿದ. ಪದಗಳು ಮುರಿದವು, ಅಕ್ಷರಗಳು ರಾಗವಾದವು. ಹೀಗೆ ಮಾರ್ಪಡಿಸಿದ ಆಟಿಕೆಗೆ ಅವನು 'ಇನ್‌ಕ್ಯಾಂಟರ್' ಎಂದು ಹೆಸರಿಟ್ಟ. ಮಂತ್ರ ಹೇಳುವವನು ಎಂಬ ಅರ್ಥ ಬರುವ ಹೆಸರು.

ಒಳಗೆ ಆಗುವುದಾದರೂ ಏನು?

ನಾನು ವಿಜ್ಞಾನ ಓದಿದವನಲ್ಲ, ಬಿ.ಎ. ಮಾಡಿದವನು. ಆದ್ದರಿಂದ ನನಗೆ ಅರ್ಥವಾದಂತೆ, ಭಜನಾ ಮಂಡಳಿಯ ಹೋಲಿಕೆಯಿಂದ ಹೇಳುತ್ತೇನೆ.

ಭಜನೆಯಲ್ಲಿ ತಾಳ ಹಾಕುವವನು ಒಬ್ಬನಿರುತ್ತಾನೆ. ಅವನು ನಿಧಾನ ಮಾಡಿದರೆ ಎಲ್ಲರೂ ನಿಧಾನ. ಚಿಪ್ಪಿನೊಳಗೂ ಅಂಥ ಒಬ್ಬ ತಾಳದವನಿದ್ದಾನೆ. ಅವನಿಗೆ 'ಕ್ಲಾಕ್' ಎಂದು ಹೆಸರು. ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಏಟು ಹಾಕುತ್ತಾನೆ. ಸ್ವರ ಎತ್ತರವೋ ತಗ್ಗೋ ಎಂಬುದನ್ನೂ ಚಿಪ್ಪು ಈ ಏಟುಗಳನ್ನು ಎಣಿಸಿಯೇ ನಿರ್ಧರಿಸುವುದು. ಆದ್ದರಿಂದ ತಾಳ ನಿಧಾನವಾದರೆ ಹಾಡೂ ನಿಧಾನ, ದನಿಯೂ ತಗ್ಗು. ಸೆಲ್ಲು ಮುಗಿಯುತ್ತ ಬಂದಾಗ ಕೆಲವು ಆಟಿಕೆಗಳು ಗೊಗ್ಗರು ದನಿಯಲ್ಲಿ ಎಳೆದು ಎಳೆದು ಹಾಡುವುದನ್ನು ನೀವೂ ಕೇಳಿರುತ್ತೀರಿ. ಅದು ತಾಳದವನಿಗೆ ಸುಸ್ತಾದ ಲಕ್ಷಣ.

ಅಗ್ಗದ ಆಟಿಕೆಗಳಲ್ಲಿ ಈ ತಾಳದ ವೇಗವನ್ನು ಎಷ್ಟೋ ಸಲ ಒಂದು ಸಣ್ಣ ರೆಸಿಸ್ಟರ್ ತೀರ್ಮಾನಿಸುತ್ತದೆ. ಅದನ್ನು ತೆಗೆದು, ಆ ಜಾಗದಲ್ಲಿ ರೇಡಿಯೋದ ವಾಲ್ಯೂಮ್ ಗುಂಡಿಯಂಥ ತಿರುಗಿಸುವ ರೆಸಿಸ್ಟರ್ ಹಾಕಿದರೆ ಇಡೀ ಕೀಬೋರ್ಡಿನ ದನಿಯನ್ನು ಏರಿಸಬಹುದು, ಇಳಿಸಬಹುದು, ಜಾರಿಸಬಹುದು. ಬೆಳಕು ಬಿದ್ದಂತೆ ಬದಲಾಗುವ ರೆಸಿಸ್ಟರ್ ಹಾಕಿದರೆ ಕೈ ನೆರಳಿನಿಂದಲೇ ನುಡಿಸಬಹುದು. ಎರಡು ಜಾಗಗಳಿಂದ ವೈರು ಎಳೆದು ಲೋಹದ ಗುಂಡಿಗೆ ಜೋಡಿಸಿದರೆ ಒದ್ದೆ ಬೆರಳೇ ರೆಸಿಸ್ಟರ್ ಆಗುತ್ತದೆ.

ಇನ್ನೊಂದು ಬಗೆ ಇದೆ. ಎಸ್‌ಕೆ-1ರಂಥ ಕೀಬೋರ್ಡಿನಲ್ಲಿ ಸದ್ದನ್ನು ನೆನಪಿಡುವ ಚಿಪ್ಪು ಬೇರೆ, ನುಡಿಸುವ ಚಿಪ್ಪು ಬೇರೆ. ಎರಡರ ನಡುವೆ ಸಾಲು ಸಾಲು ಗೆರೆಗಳಿವೆ. ಅಂಚೆಯವರು ಓಡಾಡುವ ದಾರಿಗಳು ಎಂದುಕೊಳ್ಳಿ. ಎರಡು ದಾರಿಗಳನ್ನು ತಂತಿಯಿಂದ ಸೇರಿಸಿದರೆ ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹೋಗುತ್ತದೆ. ಕೊಳಲಿಗೆ ಬರಬೇಕಾದ ಅಂಕಿಗಳು ಬೇರೇನೋ ಆಗಿ, ಯಾವ ಎಂಜಿನಿಯರೂ ಯೋಚಿಸದ ಸದ್ದು ಹುಟ್ಟುತ್ತದೆ.

ಇದನ್ನು ಹುಡುಕುವ ಕ್ರಮ ಬಹಳ ಸರಳ. ಆಟಿಕೆ ನುಡಿಯುತ್ತಿರುವಾಗಲೇ ಒಂದು ತಂತಿಯ ತುದಿಯನ್ನು ಒಂದು ಕಡೆ ಇಟ್ಟು, ಇನ್ನೊಂದು ತುದಿಯಿಂದ ಬೇರೆ ಬೇರೆ ಕಡೆ ಮುಟ್ಟುತ್ತ ಹೋಗುವುದು. ಚೆನ್ನಾದ ಸದ್ದು ಬಂದಲ್ಲಿ ಗುರುತು ಮಾಡುವುದು. ಕೊನೆಗೆ ಆ ಜಾಗಗಳಿಗೆ ಸ್ವಿಚ್ಚು ಬೆಸೆಯುವುದು. ಒಂದು ಎಚ್ಚರಿಕೆಯನ್ನು ಮಾಸ್ತರನಾಗಿ ಹೇಳಲೇಬೇಕು. ಇದೆಲ್ಲ ಸೆಲ್ಲಿನಿಂದ ನಡೆಯುವ ಆಟಿಕೆಗಳಿಗೆ ಮಾತ್ರ. ಮನೆಯ ಕರೆಂಟಿಗೆ ಜೋಡಿಸುವ ಯಾವ ವಸ್ತುವನ್ನೂ ಹೀಗೆ ಬಿಚ್ಚಿ ಮುಟ್ಟಬಾರದು, ಪ್ರಾಣಕ್ಕೇ ಅಪಾಯ.

ಹೆಸರು ಬಂದದ್ದು, ಹರಡಿದ್ದು

ಮೇಜಿನ ಖಾನೆಯ ಆ ಘಟನೆಗೂ ಈ ವಿದ್ಯೆಗೆ ಹೆಸರು ಬಂದದ್ದಕ್ಕೂ ನಡುವೆ ಸುಮಾರು ಇಪ್ಪತ್ತೈದು ವರ್ಷ ಕಳೆದವು. ಕ್ಯಾಲಿಫೋರ್ನಿಯಾದಲ್ಲಿ ಬಾರ್ಟ್ ಹಾಪ್ಕಿನ್ ಎಂಬುವರು 'ಎಕ್ಸ್‌ಪೆರಿಮೆಂಟಲ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್' ಎಂಬ ಸಣ್ಣ ಪತ್ರಿಕೆ ನಡೆಸುತ್ತಿದ್ದರು. 1992ರಲ್ಲಿ ಘಜಾಲಾ ಅದರಲ್ಲಿ ಲೇಖನ ಬರೆಯಲು ತೊಡಗಿ 'ಸರ್ಕಿಟ್ ಬೆಂಡಿಂಗ್' ಎಂಬ ಹೆಸರನ್ನು ಬಳಕೆಗೆ ತಂದರು. ಸರ್ಕಿಟ್ಟನ್ನು ಬಗ್ಗಿಸುವುದು ಎಂದರ್ಥ. ಮುರಿಯುವುದು ಎನ್ನಲಿಲ್ಲ ನೋಡಿ!

ತಮಗೆ ತಿಳಿದದ್ದನ್ನು ಅವರು ಗುಟ್ಟು ಮಾಡಲಿಲ್ಲ. ಯಾವ ಆಟಿಕೆಯಲ್ಲಿ ಎಲ್ಲಿ ಮುಟ್ಟಬೇಕು ಎಂಬುದನ್ನು ಬರೆದು, ಚಿತ್ರ ಬಿಡಿಸಿ ಹಂಚಿದರು. ಅಂತರಜಾಲ ಬಂದ ಮೇಲೆ ಇದು ಊರೂರು ಸುತ್ತಿತು. 2004ರಲ್ಲಿ ನ್ಯೂಯಾರ್ಕಿನಲ್ಲಿ ಇದಕ್ಕೆಂದೇ 'ಬೆಂಟ್ ಫೆಸ್ಟಿವಲ್' ಎಂಬ ಉತ್ಸವ ಶುರುವಾಯಿತು. 2005ರಲ್ಲಿ ಘಜಾಲಾ ಅವರ ಪುಸ್ತಕ ಬಂತು. ಮರುವರ್ಷ ನಿಕೋಲಸ್ ಕಾಲಿನ್ಸ್ ಎಂಬ ಸಂಗೀತಗಾರ ಕೈಯಿಂದಲೇ ಎಲೆಕ್ಟ್ರಾನಿಕ್ ವಾದ್ಯ ಮಾಡುವ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಧೂಳು ತಿನ್ನುತ್ತಿದ್ದ ಕೀಬೋರ್ಡುಗಳನ್ನು ಹುಡುಗರು, ಮುದುಕರು ಎಲ್ಲ ಹುಡುಕಿಕೊಂಡು ಹೊರಟರು.

ಬಾಗಿಲು ಕಿರಿದಾದದ್ದು

ಇತಿಹಾಸ ಬರೆಯುವಾಗ ಹೊಗಳಿಕೆ ಮಾತ್ರ ಬರೆದರೆ ಅದು ಇತಿಹಾಸವಲ್ಲ. ಇದರಲ್ಲಿ ನಷ್ಟವೂ ಇದೆ. ಬಗ್ಗಿಸಲು ಹೋಗಿ ಎಷ್ಟೋ ಆಟಿಕೆಗಳು ಸತ್ತೇ ಹೋದವು. ಸತ್ತ ಚಿಪ್ಪು ಮತ್ತೆ ಏಳುವುದಿಲ್ಲ. ಎಲ್ಲರೂ ಹುಡುಕಿಕೊಂಡು ಹೊರಟ ಮೇಲೆ ಎಸ್‌ಕೆ-1, ಸ್ಪೀಕ್ ಆಂಡ್ ಸ್ಪೆಲ್‌ಗಳಿಗೆ ಬೆಲೆ ಏರಿತು. ಅಗ್ಗವೆಂಬ ಕಾರಣಕ್ಕೆ ಹುಟ್ಟಿದ ವಿದ್ಯೆ ತನ್ನ ಮೂಲವಸ್ತುವನ್ನೇ ದುಬಾರಿ ಮಾಡಿತು! ಇವೆಲ್ಲ ಬರೀ ಗದ್ದಲ, ಸಂಗೀತವಲ್ಲ ಎಂದು ದೂರುವವರೂ ಇದ್ದಾರೆ. ಕೆಲವನ್ನು ಕೇಳಿದಾಗ ನನಗೂ ಹಾಗೆಯೇ ಅನಿಸಿದೆ.

ಇನ್ನೊಂದು ಬದಲಾವಣೆ ಆಟಿಕೆಯ ಒಳಗೇ ಆಯಿತು. ಹಳೆಯ ಕೀಬೋರ್ಡಿನ ಬೋರ್ಡಿನ ಮೇಲೆ ಚಿಪ್ಪಿನ ಕಾಲುಗಳು ಕಣ್ಣಿಗೆ ಕಾಣುತ್ತಿದ್ದವು, ಕೈಗೆ ಸಿಗುತ್ತಿದ್ದವು. ಈಗಿನ ಅಗ್ಗದ ಆಟಿಕೆ ಬಿಚ್ಚಿ ನೋಡಿ. ನಡುವೆ ಜೇನುಮೇಣದ ಉಂಡೆಯಂಥ ಒಂದು ಕಪ್ಪು ಗುಪ್ಪೆ ಇರುತ್ತದೆ. ಚಿಪ್ಪನ್ನು ನೇರವಾಗಿ ಬೋರ್ಡಿಗೆ ಅಂಟಿಸಿ ಮೇಲೆ ಅಂಟು ಸುರಿದಿರುತ್ತಾರೆ. ಖರ್ಚು ಕಡಿಮೆ ಮಾಡಲು ಹೀಗೆ ಮಾಡಿದ್ದು. ಆದರೆ ನೆನಪು, ತಾಳ, ಸದ್ದು ಎಲ್ಲವೂ ಆ ಗುಪ್ಪೆಯೊಳಗೇ ಕೂತರೆ ಮುಟ್ಟುವುದಕ್ಕೆ ಉಳಿಯುವುದು ನಾಲ್ಕಾರು ಜಾಗ ಮಾತ್ರ. ವಸ್ತು ಅಗ್ಗವಾದಷ್ಟೂ ಅದರ ಒಳಗು ನಮ್ಮಿಂದ ದೂರವಾಯಿತು.

ಮಾಸ್ತರನಾದ ನನ್ನನ್ನು ಕಾಡುವುದು ಇದೇ. ಬೆಲೆಯ ವಸ್ತುವನ್ನು ಮಕ್ಕಳು ಮುಟ್ಟುವಂತಿಲ್ಲ. ಕಂಪ್ಯೂಟರಿಗೆ ಹೊದಿಕೆ ಹಾಕಿ ಇಡುವ ಶಾಲೆಗಳನ್ನು ನಾವೆಲ್ಲ ಕಂಡವರೇ. ಹಾಳಾದರೂ ಚಿಂತೆಯಿಲ್ಲ ಎನ್ನುವ ವಸ್ತು ಸಿಕ್ಕಾಗಲೇ ಮಗು ಧೈರ್ಯವಾಗಿ ತಪ್ಪು ಮಾಡುತ್ತದೆ. ತಪ್ಪು ಮಾಡುತ್ತ ಮಾಡುತ್ತ, ಇದು ಹೀಗೆ ಮಾಡಿದ್ದರಿಂದ ಹೀಗಾಯಿತು ಎಂದು ತಾನೇ ಕಂಡುಕೊಳ್ಳುತ್ತದೆ. ಸಿನ್ಸಿನಾಟಿಯ ಹುಡುಗನಿಗೆ ಸಿಕ್ಕಿದ್ದು ಆ ಅವಕಾಶ. ಅವನ ಖಾನೆಗೆ ಯಾರೂ ಬೀಗ ಹಾಕಲಿಲ್ಲ.

ಇದನ್ನೆಲ್ಲ ಓದಿ ತಿಳಿದ ಮೇಲೆ ಒಂದು ದಿನ ಶಾಲೆಯ ಕಪಾಟು ತೆಗೆದೆ. ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಆ ಕೀಬೋರ್ಡು ಇತ್ತು. ಪಿನ್ನು ಸಿಕ್ಕಿಸಿದ ವೈರು ಹಾಗೆಯೇ ಇತ್ತು. ಸೆಲ್ಲು ತೆಗೆಯದೇ ಇಟ್ಟಿದ್ದೆ ನಾನು. ಅವು ಒಡೆದು ಸೋರಿ, ಹಸಿರು-ಬಿಳಿ ಪುಡಿ ಬೋರ್ಡಿನ ಅರ್ಧ ಭಾಗವನ್ನು ತಿಂದುಹಾಕಿತ್ತು. ಒರೆಸಿ, ಹೊಸ ಸೆಲ್ಲು ಹಾಕಿ ನೋಡಿದೆ. ಒಂದು ಮಣೆಯೂ ನುಡಿಯಲಿಲ್ಲ.

ಹುಡುಗನ ಕೈಯಲ್ಲಿ ಅದು ಬೇರೆ ಆಗಿತ್ತು. ಹಾಳು ಮಾಡಿದವನು ನಾನು. ಅವನೀಗ ನಮ್ಮ ಶಾಲೆ ಬಿಟ್ಟು ಹೋಗಿದ್ದಾನೆ, ಪುಣೆಯ ಕಡೆ ಕೆಲಸಕ್ಕಿದ್ದಾನೆಂದು ಅವನ ಅಪ್ಪ ಹೇಳಿದರು. ಊರಿಗೆ ಬಂದಾಗ ಈ ಮಾತನ್ನು ಅವನಿಗೆ ಹೇಳಬೇಕು.

ಈಗ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಒಂದು ಬೆಂಚಿನ ಮೇಲೆ ಎರಡು ಸ್ಕ್ರೂ ಡ್ರೈವರು, ನಾಲ್ಕು ತುಂಡು ವೈರು ಇಡುತ್ತೇನೆ. ಕೆಟ್ಟ ಆಟಿಕೆ, ಹಳೆಯ ಸೆಲ್ಲಿನ ರೇಡಿಯೋ, ಏನಿದ್ದರೂ ಮಕ್ಕಳು ತರಬಹುದು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಹೇಳಿಕೊಡುವುದಕ್ಕೆ ನನಗೂ ಏನೂ ಬರುವುದಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಅಂಥದೊಂದು ಹಳೆಯ 'ಕ್ಯಾಸಿಯೋ' ಬಿದ್ದಿದ್ದರೆ ಗುಜರಿಯವನಿಗೆ ಹಾಕಬೇಡಿ, ಮೊದಲು ಅದರ ಸೆಲ್ಲು ತೆಗೆದಿಡಿ. ಆಮೇಲೆ ಮನೆಯ ಮಗುವಿನ ಕೈಗೆ ಕೊಟ್ಟು ನೋಡಿ.